ಜುಲುಮಿ ಏನಿಲ್ಲರೀ

1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಸಾಹೇಬರು ಕಿತ್ತೂರಿನ ಕೋಟೆ ಮುಂದೆ ತೋಪು ತಂದು ನಿಲ್ಲಿಸಿದರು. ದತ್ತಕ ನಡೆಯುವುದಿಲ್ಲ, ಸಂಸ್ಥಾನ ಕಂಪನಿಯದು, ಸುಮ್ಮನೆ ಬಾಗಿಲು ತೆಗೆಯಿರಿ ಎಂಬುದು ಅವರ ಮಾತು. ಬಾಗಿಲೇನೋ ತೆರೆಯಿತು. ಒಳಗಿನಿಂದ ರಾಣಿ ಚನ್ನಮ್ಮನ ಸೈನ್ಯ ಹೊರಬಿತ್ತು. ಅದೇ ದಿನ ಕಲೆಕ್ಟರ್ ಸಾಹೇಬರ ನೌಕರಿಯೂ ಆಯುಷ್ಯವೂ ಒಟ್ಟಿಗೇ ಮುಗಿದವು.

ಅಲ್ಲಿಂದ ಇಲ್ಲಿಯವರೆಗೆ, ಬೈಲಹೊಂಗಲದಿಂದ ರಾಮದುರ್ಗದವರೆಗಿನ ತೊರಗಲ್ ನಾಡಿನ ಜನ ಎದೆ ಉಬ್ಬಿಸಿ ಹೇಳುವ ಮಾತು ಒಂದೇ: ನಮ್ಮ ಮುಂದೆ ಜುಲುಮಿ ನಡೆಯುವುದಿಲ್ಲ. ಖರೇ ಮಾತು. ಚನ್ನಮ್ಮನನ್ನು ಬೈಲಹೊಂಗಲದ ಕೋಟೆಯಲ್ಲಿಟ್ಟರು, ಅವಳ ಬಂಟ ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದರು. ಆದರೂ ಮನಸ್ಸು ಬಗ್ಗಿಸಲು ಆಗಲಿಲ್ಲ. 1939ರಲ್ಲಿ ರಾಮದುರ್ಗದ ಜನ ತಮ್ಮ ಸಂಸ್ಥಾನದ ವಿರುದ್ಧವೇ ತಿರುಗಿ ಬಿದ್ದರು. ಎದುರಿಗೆ ಬಂದು ಕಣ್ಣು ಕೆಂಪು ಮಾಡಿದವನಿಗೆ ಈ ಮಣ್ಣಿನಲ್ಲಿ ಜಾಗವಿಲ್ಲ.

ಥ್ಯಾಕರೆಗೆ ತಿಳಿಯದೆ ಹೋದ ಗುಟ್ಟು ಇಷ್ಟೇ. ತೋಪನ್ನು ಧಾರವಾಡದಲ್ಲೇ ಬಿಟ್ಟು, ಹೊಸ್ತಿಲ ಹೊರಗೆ ಚಪ್ಪಲಿ ಕಳಚಿ, ಒಳಗೆ ಬಂದು ಚಾಪೆಯ ಮೇಲೆ ಕುಂತು, ನೀರು ಕುಡಿದು, ‘ನಾ ಏನೂ ಜುಲುಮಿ ಮಾಡೂದಿಲ್ಲ ಯವ್ವಾ. ನಿನ್ನ ಮನಸ್ಸು, ನಿನ್ನ ಖುಷಿ’ ಎಂದು ಹೇಳಬೇಕಿತ್ತು. ಹಾಗೆ ಹೇಳಿದವರಿಗೆ ನಾವು ಕೊಡದೆ ಇದ್ದದ್ದು ಯಾವುದು? ಹೆತ್ತ ಮಗಳನ್ನು ಕೊಟ್ಟಿದ್ದೇವೆ. ಓಣಿಯವರೆಲ್ಲರ ಸಾಲಕ್ಕೆ ಹೆಬ್ಬೆಟ್ಟು ಕೊಟ್ಟಿದ್ದೇವೆ. ಮುಪ್ಪಿನ ಕಾಲಕ್ಕೆಂದು ಇಟ್ಟ ಠೇವಣಿಯನ್ನು ಮುಖ ನೋಡದವನ ಖಾತೆಗೆ ಹಾಕಿದ್ದೇವೆ. ಎಲ್ಲವೂ ಸ್ವಖುಷಿಯಿಂದ, ಯಾರ ಒತ್ತಾಯವೂ ಇಲ್ಲದೆ.

ಈ ವಿಷಯದಲ್ಲಿ ಅಮೆರಿಕದವರೂ ಥ್ಯಾಕರೆಯ ವಂಶದವರೇ. 1950ರ ಸುಮಾರಿಗೆ, ಕೊರಿಯಾ ಯುದ್ಧದ ಕಾಲಕ್ಕೆ, ಎಡ್ವರ್ಡ್ ಹಂಟರ್ ಎಂಬ ಪತ್ರಕರ್ತ ‘ಬ್ರೈನ್‌ವಾಷಿಂಗ್’ ಎಂಬ ಪದವನ್ನು ಅಚ್ಚಿಗೆ ತಂದ. ಚೀನಾದವರು ಮನುಷ್ಯನ ಮಿದುಳನ್ನು ಒಗೆದು ಒಣಹಾಕುವ ವಿದ್ಯೆ ಕಲಿತಿದ್ದಾರೆ ಎಂಬ ಗಾಬರಿ ಅಮೆರಿಕದ ತುಂಬ ಹಬ್ಬಿತು. ನಾವು ಹಿಂದೆ ಬೀಳಬಾರದೆಂದು ಅವರ ಗುಪ್ತಚರ ಸಂಸ್ಥೆ ಸಿಐಎ 1953ರ ಏಪ್ರಿಲ್‌ನಲ್ಲಿ ‘ಎಂಕೆ ಅಲ್ಟ್ರಾ’ ಎಂಬ ಯೋಜನೆ ಹೂಡಿತು. ಸಿಡ್ನಿ ಗಾಟ್ಲೀಬ್ ಎಂಬ ರಸಾಯನಶಾಸ್ತ್ರಜ್ಞ ಅದರ ಮುಖ್ಯಸ್ಥ. ಎಲ್‌ಎಸ್‌ಡಿ ಕುಡಿಸಿದರು, ಸಮ್ಮೋಹನ ಮಾಡಿದರು, ವಿದ್ಯುತ್ ಶಾಕ್ ಕೊಟ್ಟರು. ವಿಶ್ವವಿದ್ಯಾಲಯ, ಆಸ್ಪತ್ರೆ, ಜೈಲು ಎಲ್ಲ ಸೇರಿ 80 ಸಂಸ್ಥೆಗಳಲ್ಲಿ ಪ್ರಯೋಗ ನಡೆಯಿತು. ತಮ್ಮದೇ ವಿಜ್ಞಾನಿಯೊಬ್ಬನಿಗೆ ಹೇಳದೆ ಕೇಳದೆ ಔಷಧ ಹಾಕಿ ಕುಡಿಸಿದರು; ಕೆಲವೇ ದಿನಗಳಲ್ಲಿ ಅವನು ಹೋಟೆಲ್ ಕಿಟಕಿಯಿಂದ ಬಿದ್ದು ಸತ್ತ. 20 ವರ್ಷ ಹೀಗೆ ಹೆಣಗಾಡಿ 1973ರಲ್ಲಿ ಕಡತಗಳನ್ನು ನಾಶ ಮಾಡಿದರು. ಗಾಟ್ಲೀಬ್‌ಗೆ ಕೊನೆಗೂ ಹೊಳೆದದ್ದು, ಇನ್ನೊಬ್ಬರ ಮನಸ್ಸನ್ನು ಔಷಧ ಹಾಕಿ ಕೈವಶ ಮಾಡಿಕೊಳ್ಳಲಾಗುವುದಿಲ್ಲ ಎಂಬುದು.

ನಿವೃತ್ತಿಯಾದ ಮೇಲೆ ಈ ಗಾಟ್ಲೀಬ್ ಹೆಂಡತಿಯೊಂದಿಗೆ ಭಾರತಕ್ಕೆ ಬಂದು ಕುಷ್ಠರೋಗಿಗಳ ಆಸ್ಪತ್ರೆಯಲ್ಲಿ ಸೇವೆ ಮಾಡಿದ. ಬಂದದ್ದು ಬಂದ, ಒಂದು ಭರತ ಹುಣ್ಣಿಮೆಗೆ ಸವದತ್ತಿ ಬಸ್ಸು ಹತ್ತಿದ್ದರೆ ಅವನ ಜೀವಮಾನದ ಸಂಶಯ ಪರಿಹಾರವಾಗುತ್ತಿತ್ತು. 80 ಸಂಸ್ಥೆಗಳಿಂದ ಆಗದ ಕೆಲಸವನ್ನು ಒಂದು ಚಿಟಿಕೆ ಭಂಡಾರದಲ್ಲಿ ಮಾಡಿ ಮುಗಿಸುವವರು ಇಲ್ಲಿದ್ದರು.

ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಬರುವ ಲಕ್ಷಾಂತರ ಜನ ಜೋಗುಳಬಾವಿಯಲ್ಲಿ ಮಿಂದು, ‘ಉಧೋ ಉಧೋ’ ಎಂದು ಹತ್ತಿ, ಕಡಬು ಹೋಳಿಗೆಯ ಪಡ್ಡಲಿಗೆ ತುಂಬಿ ಊರಿಗೆ ಹೋಗುತ್ತಾರೆ. ಅವರ ಭಕ್ತಿಗೆ ಯಾರ ತಕರಾರೂ ಇಲ್ಲ, ಎಲ್ಲಮ್ಮನೂ ಇಲ್ಲಿ ಆರೋಪಿ ಅಲ್ಲ. ಆರೋಪ ಇರುವುದು ಅವಳ ಹೆಸರಿನಲ್ಲಿ ಏಜೆನ್ಸಿ ಹಿಡಿದವರ ಮೇಲೆ.

ಅವರ ಕಾರ್ಯಪದ್ಧತಿ ನೋಡಿ. ಕೇರಿಯ ಒಂದು ಮನೆಯಲ್ಲಿ ಎಂಟೋ ಹತ್ತೋ ವರ್ಷದ ಹುಡುಗಿ. ಎಣ್ಣೆ ಕಾಣದ, ನೀರು ಕಾಣದ, ಹೇನು ತುಂಬಿದ ಕೂದಲು ಗಂಟು ಬಿದ್ದು ಅಂಟಿಕೊಂಡಿದೆ. ವೈದ್ಯರ ಪ್ರಕಾರ ಅದು ಕೊಳೆ. ಜೋಗತಿಯ ಪ್ರಕಾರ ಅದು ಜಡೆ. ತಾಯಿ ಎಲ್ಲಮ್ಮ ತಲೆಯ ಮೇಲೆ ಬಂದು ಕುಂತಿದ್ದಾಳೆ, ಹುಡುಗಿಯನ್ನು ಕೇಳುತ್ತಿದ್ದಾಳೆ. ಅವ್ವ ಅಳುತ್ತಾಳೆ. ಜೋಗತಿ ಸಮಾಧಾನ ಮಾಡುತ್ತಾಳೆ: ‘ನಾ ಏನು ಹೇಳ್ಲಿ ಯವ್ವಾ, ಬಿಡೂದು ಕೊಡೂದು ನಿಮಗ ಬಿಟ್ಟಿದ್ದು. ಆದ್ರ ತಾಯಿ ಕಾಡಿದ್ರ ಮತ್ತ ನನ್ನ ಅನಬ್ಯಾಡ್ರಿ.’ ಅಷ್ಟು ಹೇಳಿ ಎದ್ದು ಹೋಗುತ್ತಾಳೆ. ಇಡೀ ಪ್ರಕರಣದಲ್ಲಿ ಜುಲುಮಿ ಎಂಬುದು ಎಲ್ಲಿಯಾದರೂ ಕಂಡಿತೇ?

ಉಳಿದ ಕೆಲಸವನ್ನು ಬಡತನವೇ ಮಾಡುತ್ತದೆ. ತಿಂಗಳೊಪ್ಪತ್ತಿನಲ್ಲಿ ಎಮ್ಮೆ ಕಂದು ಹಾಕುತ್ತದೆ. ಗಂಡ ಕುಡಿದು ಬಂದು ಬೀಳುತ್ತಾನೆ. ಸಣ್ಣ ಮಗನಿಗೆ ಜ್ವರ ಬರುತ್ತದೆ. ಮಳೆ ಹೋಗುತ್ತದೆ, ಇಲ್ಲವೇ ಮಳೆ ಬಂದು ಗೋಡೆ ಬೀಳುತ್ತದೆ. ಬಡವರ ಮನೆಯಲ್ಲಿ ವರ್ಷಕ್ಕೆ ನಾಲ್ಕು ಅನಾಹುತ ಆಗುವುದು ಪಂಚಾಂಗ ನೋಡದೆ ಹೇಳಬಹುದಾದ ಭವಿಷ್ಯ. ಪ್ರತಿ ಅನಾಹುತಕ್ಕೂ ಓಣಿಯವರು ಬಂದು ಕುಂತು, ‘ನಾ ಅವತ್ತ ಅಂದಿರ್ಲಿಲ್ಲೇನು?’ ಎನ್ನುತ್ತಾರೆ. ಇಷ್ಟು ನೂರಕ್ಕೆ ನೂರು ಫಲ ಕೊಡುವ ಶಾಪ ಬೇರೆ ಇಲ್ಲ. ಕೊನೆಗೆ ಅವ್ವನೇ ಜೋಗತಿಯ ಮನೆ ಹುಡುಕಿಕೊಂಡು ಹೋಗಿ, ಕಾಲು ಹಿಡಿದು, ಮಗಳಿಗೆ ಮುತ್ತು ಕಟ್ಟಿಸುತ್ತಾಳೆ, ಅಂದರೆ ದೇವದಾಸಿಯಾಗಿ ಬಿಡುತ್ತಾಳೆ.

ತಾಯಿಗೆ ಜಾತಿಭೇದ ಇಲ್ಲ ಎಂಬುದು ಪೂಜಾರಿಗಳ ಮಾತು. ಜಡೆಗೆ ಮಾತ್ರ ಇತ್ತು. ಅದು ದಲಿತರ ಕೇರಿ ದಾಟಿ ಗೌಡರ ವಾಡೆ, ದೇಸಾಯರ ವಾಡೆಗೆ ಬಂದದ್ದು ಅಪರೂಪ. ಅಲ್ಲಿ ಮಗಳ ಕೂದಲು ಗಂಟು ಬಿದ್ದರೆ ಸೀಗೆಕಾಯಿ ತರುತ್ತಿದ್ದರು. ಇಲ್ಲಿ ಗಂಟು ಬಿದ್ದರೆ ಭಂಡಾರ ತರುತ್ತಿದ್ದರು. ಮುತ್ತು ಕಟ್ಟಿದ ಹುಡುಗಿ ದೊಡ್ಡವಳಾದ ಮೇಲೆ ಅವಳ ಮೇಲೆ ಹಕ್ಕು ಸಾಧಿಸಲು ಬಂದವರು ಯಾವ ವಾಡೆಯವರೆಂದು ಎಲ್ಲರಿಗೂ ಗೊತ್ತಿತ್ತು. ಆಗ ಯಾರೂ ತಾಯಿಯ ಅಪ್ಪಣೆ ಕೇಳಲಿಲ್ಲ.

ಮಿದುಳು ತೊಳೆಯುವ ವಿದ್ಯೆಗೆ ಮತ್ತೆ ಬರೋಣ. ಆಲ್ಬರ್ಟ್ ಬಿಡರ್‌ಮನ್ ಎಂಬ ಸಮಾಜಶಾಸ್ತ್ರಜ್ಞ ಅಮೆರಿಕದ ವಾಯುಪಡೆಗಾಗಿ ಕೆಲಸ ಮಾಡುತ್ತಿದ್ದವನು. ಕೊರಿಯಾದಲ್ಲಿ ಸೆರೆಸಿಕ್ಕು ಬಂದ ಸೈನಿಕರನ್ನು ಮಾತಾಡಿಸಿ 1957ರಲ್ಲಿ ಒಂದು ಪಟ್ಟಿ ಮಾಡಿದ. ಮಿದುಳು ತೊಳೆಯುವ ಮಾಯಾವಿದ್ಯೆ ಏನೂ ಇಲ್ಲ, ಇರುವುದು ಎಂಟು ಹಳೆಯ ಪಟ್ಟುಗಳು ಅಂದ. ಒಬ್ಬಂಟಿ ಮಾಡುವುದು, ಒಂದೇ ವಿಚಾರವನ್ನು ತಲೆಯಲ್ಲಿ ತುಂಬುವುದು, ದಣಿಸುವುದು, ಬೆದರಿಸುವುದು, ನಡುನಡುವೆ ಸ್ವಲ್ಪ ಮುದ್ದು ಮಾಡುವುದು, ನಾವು ಸರ್ವಶಕ್ತರೆಂದು ತೋರಿಸುವುದು, ಮಾನ ಕಳೆಯುವುದು, ಕೆಲಸಕ್ಕೆ ಬಾರದ ಸಣ್ಣಪುಟ್ಟ ಅಪ್ಪಣೆಗಳನ್ನು ಪಾಲಿಸುವಂತೆ ಮಾಡುವುದು. ಈ ಪಟ್ಟಿ ಎಷ್ಟು ಖ್ಯಾತವಾಯಿತೆಂದರೆ, 1973ರಲ್ಲಿ ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಚಿತ್ರಹಿಂಸೆಯ ಬಗ್ಗೆ ತಂದ ವರದಿಯಲ್ಲೂ ಅದಕ್ಕೆ ಜಾಗ ಸಿಕ್ಕಿತು.

ಬಿಡರ್‌ಮನ್ ಅಷ್ಟು ಸೈನಿಕರನ್ನು ಮಾತಾಡಿಸಿದ್ದೇ ದಂಡ. ಮಂಗಳವಾರ, ಶುಕ್ರವಾರ ಐದು ಮನೆ ಜೋಗ ಬೇಡು ಎಂಬುದು ಅವನ ಎಂಟನೆಯ ಪಟ್ಟು. ಐದರ ಬದಲು ನಾಲ್ಕು ಮನೆ ಬೇಡಿದರೆ ದೇವರಿಗೇನೂ ನಷ್ಟವಿಲ್ಲ, ಆದರೆ ಲೆಕ್ಕ ತಪ್ಪಿತೇ ಎಂದು ದಿನವಿಡೀ ಹೆದರುವ ಮನಸ್ಸು ಮುಂದೆ ದೊಡ್ಡ ಅಪ್ಪಣೆಗೂ ತಯಾರಾಗುತ್ತದೆ. ಮದುವೆ ಮನೆಯಲ್ಲಿ ‘ನಿತ್ಯ ಸುಮಂಗಲಿ’ ಎಂದು ಕರೆದು ತಾಳಿ ಪೋಣಿಸಲು ಕೊಡುವುದು ಐದನೆಯ ಪಟ್ಟು. ಪೋಣಿಸಿದ ಮೇಲೆ ಅವಳನ್ನು ಪಂಕ್ತಿಯ ಹೊರಗೆ ಕೂಡಿಸುವುದು ಏಳನೆಯದು. ಎಲ್ಲ ಎಂಟೂ ಪಟ್ಟುಗಳು ನಮ್ಮ ಓಣಿಯಲ್ಲಿ ಪುಗಸಟ್ಟೆ ನೋಡಲು ಸಿಗುತ್ತಿದ್ದವು.

ಈಗ ಕಾಲ ಬದಲಾಗಿದೆ, ಜನ ಶಾಣ್ಯಾ ಆಗಿದ್ದಾರೆ ಎನ್ನುತ್ತಾರೆ. ಹೌದು, ಜಡೆ ಹೋಗಿ ಪಾಸ್‌ಬುಕ್ ಬಂದಿದೆ. ಬೈಲಹೊಂಗಲದಿಂದ ರಾಮದುರ್ಗದವರೆಗೆ ಯಾವ ಹಳ್ಳಿಗೆ ಹೋದರೂ ವಾರಕ್ಕೊಂದು ಮುಂಜಾನೆ ಹೆಂಗಸರು ಕಟ್ಟೆಯ ಮೇಲೆ ಸಾಲಾಗಿ ಕುಂತಿರುತ್ತಾರೆ. ಬೈಕಿನ ಮೇಲೆ ಮೈಕ್ರೊಫೈನಾನ್ಸ್ ಕಂಪನಿಯ ‘ಸಂಘದ ಸರ್’ ಬರುತ್ತಾರೆ. ಇಪ್ಪತ್ತೈದು ದಾಟದ ಹುಡುಗ, ಕೊರಳಲ್ಲಿ ಗುರುತಿನ ಚೀಟಿ, ಬಾಯಲ್ಲಿ ಬೆಲ್ಲ. ಆಸ್ತಿಪತ್ರ ಬೇಡ, ಬಂಗಾರ ಬೇಡ, ಶೂರಿಟಿ ಬೇಡ. ಗುಂಪು ಮಾಡಿಕೊಂಡು, ಒಬ್ಬರಿಗೊಬ್ಬರು ಹೊಣೆ ಎಂದು ಸಹಿ ಹಾಕಿದರೆ ಸಾಕು. ‘ಜುಲುಮಿ ಏನಿಲ್ಲ ಅಕ್ಕಾರ, ಬೇಕಿದ್ರ ತಗೋರಿ.’

ಬಾಂಗ್ಲಾದೇಶದ ಮೊಹಮ್ಮದ್ ಯೂನಸ್ ಇಂಥ ಗುಂಪು ಸಾಲವನ್ನು ಬೆಳೆಸಿ 2006ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದರು. ಅರ್ಥಶಾಸ್ತ್ರಜ್ಞ ಜೋಸೆಫ್ ಸ್ಟಿಗ್ಲಿಟ್ಜ್ 1990ರಲ್ಲೇ ಲೇಖನ ಬರೆದು, ನೆರೆಹೊರೆಯವರು ಒಬ್ಬರನ್ನೊಬ್ಬರು ಕಾಯುವುದರಿಂದ ಸಾಲ ವಸೂಲಿ ಸುಲಭವಾಗುತ್ತದೆ ಎಂದು ವಿವರಿಸಿದ್ದರು. ವಿದ್ವಾಂಸರು ಕಾಗದದ ಮೇಲೆ ಬರೆದ ಆ ಕಾವಲು ನಮ್ಮ ಓಣಿಗೆ ಇಳಿದರೆ ಹೇಗಿರುತ್ತದೆ? ಶಾಂತವ್ವ ಈ ವಾರದ ಕಂತು ತರಲಿಲ್ಲ. ಸರ್ ಸಿಟ್ಟಾಗುವುದಿಲ್ಲ. ಮೊಬೈಲ್ ನೋಡುತ್ತ ಹೇಳುತ್ತಾರೆ: ‘ಇರ್ಲಿ ಬಿಡ್ರಿ. ಶಾಂತವ್ವಾರ ತರೂತನಾ ಯಾರೂ ಏಳಬ್ಯಾಡ್ರಿ.’ ಕಳೆ ತೆಗೆಯಲು ಹೋಗುವವಳ ಕೂಲಿ ಹೋಗುತ್ತದೆ, ಮೊಲೆ ಕುಡಿಯುವ ಕೂಸು ಮನೆಯಲ್ಲಿ ಅಳುತ್ತದೆ. ಹೊತ್ತು ಏರಿದಂತೆ ಒಂಬತ್ತು ಜೊತೆ ಕಣ್ಣು ಶಾಂತವ್ವನ ಮನೆ ಬಾಗಿಲ ಕಡೆ ತಿರುಗುತ್ತವೆ. ಸರ್ ಬೈಯಲಿಲ್ಲ, ಬೈದವಳು ಅವಳ ಓರಗಿತ್ತಿ. ಸರ್ ಪಾತ್ರೆ ಹೊರಗೆ ಹಾಕಲಿಲ್ಲ, ಹಾಕಿದವಳು ಅವಳ ಜೊತೆ ಗುಡ್ಡಕ್ಕೆ ಹೋಗಿ ಬಂದ ಗೆಳತಿ. ಕಂಪನಿಯ ದಾಖಲೆಯಲ್ಲಿ ಅದು ‘ವಸೂಲಿ ಪ್ರಮಾಣ’ ಎಂಬ ಖಾನೆಯಲ್ಲಿ ಚೊಕ್ಕ ಅಂಕಿಯಾಗಿ ಕೂಡುತ್ತದೆ.

ರಿಸರ್ವ್ ಬ್ಯಾಂಕ್ ಕೈಕಟ್ಟಿ ಕುಂತಿಲ್ಲ. 2022ರಲ್ಲಿ ಅದು ನಿಯಮ ಮಾಡಿದೆ: ಮುಂಜಾನೆ 9ಕ್ಕೆ ಮೊದಲು, ಸಂಜೆ 6ರ ನಂತರ ಸಾಲಗಾರರಿಗೆ ಫೋನ್ ಮಾಡುವಂತಿಲ್ಲ. ಸಂಬಂಧಿಕರಿಗೆ, ಗೆಳೆಯರಿಗೆ ಕಿರಿಕಿರಿ ಕೊಡುವಂತಿಲ್ಲ. ಸಾಲಗಾರರ ಹೆಸರು ಪ್ರಕಟಿಸಿ ಮಾನ ಕಳೆಯುವಂತಿಲ್ಲ. ಬಹಳ ಮರ್ಯಾದಸ್ಥ ನಿಯಮ. ಆದರೆ ಓರಗಿತ್ತಿಗೆ ಆಫೀಸು ವೇಳೆ ಇಲ್ಲ. ಅವಳು ರಾತ್ರಿ 10ಕ್ಕೂ ಬಾಗಿಲು ಬಡಿಯಬಹುದು, ಅವಳ ಮೇಲೆ ರಿಸರ್ವ್ ಬ್ಯಾಂಕಿನ ಅಧಿಕಾರ ನಡೆಯುವುದಿಲ್ಲ. 2025ರ ಆರಂಭದಲ್ಲಿ ಕಿರುಕುಳ ತಾಳದೆ ಊರು ಬಿಟ್ಟವರ, ಜೀವ ಬಿಟ್ಟವರ ಸುದ್ದಿ ಮೇಲಿಂದ ಮೇಲೆ ಬಂದಾಗ ರಾಜ್ಯ ಸರ್ಕಾರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದಿತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಅದನ್ನು ಓದಿದ ಸಂಘದ ಸರ್‌ಗಳು ಮೊದಲಿಗಿಂತ ಸೌಮ್ಯವಾಗಿ ಮಾತಾಡಲು ಕಲಿತರೆ ಆಶ್ಚರ್ಯವಿಲ್ಲ. ಸೌಮ್ಯವಾಗಿದ್ದಷ್ಟೂ ಕೆಲಸ ಚಲೋ ಆಗುತ್ತದೆಂಬುದು ಅವರಿಗೆ ಮೊದಲೇ ಗೊತ್ತಿತ್ತು.

ಕಟ್ಟೆಯ ಮೇಲೆ ಕೂಡುವುದು ಹೆಣ್ಣುಮಕ್ಕಳ, ಬಡವರ ಕೆಲಸ, ನಾವು ಓದಿದವರು ಎಂದು ಮೂಗು ಮುರಿಯುವವರಿಗಾಗಿ ಬೇರೆ ವ್ಯವಸ್ಥೆ ಆಗಿದೆ. ನಿವೃತ್ತ ಮಾಸ್ತರರ ಫೋನಿಗೆ ವಿಡಿಯೊ ಕರೆ ಬರುತ್ತದೆ. ಆಚೆ ಕಡೆ ಖಾಕಿ ಅಂಗಿ, ಬೆನ್ನ ಹಿಂದೆ ಅಶೋಕ ಸ್ತಂಭದ ಚಿತ್ರ. ನಿಮ್ಮ ಹೆಸರಿನ ಪಾರ್ಸಲ್‌ನಲ್ಲಿ ಮಾದಕ ವಸ್ತು ಸಿಕ್ಕಿದೆ, ನಿಮ್ಮ ಆಧಾರ್ ಮೇಲೆ ಅಕ್ರಮ ಹಣ ಹರಿದಿದೆ, ನೀವೀಗ ‘ಡಿಜಿಟಲ್ ಅರೆಸ್ಟ್’. ಕ್ಯಾಮರಾ ಮುಂದಿನಿಂದ ಏಳಬೇಡಿ. ಹೆಂಡತಿಗೂ ಹೇಳಬೇಡಿ. ಬಚ್ಚಲಿಗೆ ಹೋಗುವಾಗಲೂ ಕೇಳಿ ಹೋಗಿ. ಮೂವತ್ತು ವರ್ಷ ಶಾಲೆಯಲ್ಲಿ ಮಕ್ಕಳು ಕೈ ಎತ್ತಿ ‘ಸರ್, ಹೋಗ್ಲ್ಯಾ?’ ಎಂದು ಕೇಳುವುದನ್ನು ಕಂಡ ಮಾಸ್ತರರು ಈಗ ತಾವೇ ಕೈ ಎತ್ತುತ್ತಾರೆ. ಒಬ್ಬಂಟಿ ಮಾಡುವುದು, ದಣಿಸುವುದು, ಬೆದರಿಸುವುದು, ಸಣ್ಣ ಅಪ್ಪಣೆ ಎಲ್ಲ ಮುಗಿದ ಮೇಲೆ ಆ ಖಾಕಿ ಅಂಗಿ ಕರುಣೆ ತೋರುತ್ತದೆ: ‘ನೀವು ಮರ್ಯಾದಸ್ಥರಿದ್ದಂಗ ಕಾಣ್ತೀರಿ. ತಪಾಸಣೆ ಮುಗಿಯೂತನಾ ದುಡ್ಡು ಈ ಖಾತೇಕ್ಕ ಹಾಕ್ರಿ, ವಾಪಸ್ ಬರ್ತೈತಿ. ಜುಲುಮಿ ಏನಿಲ್ಲ.’ ಮಾಸ್ತರರು ಬ್ಯಾಂಕಿಗೆ ಹೋಗುತ್ತಾರೆ. ಕ್ಯಾಶಿಯರ್ ಪರಿಚಯದವನೇ, ‘ಇಷ್ಟ್ಯಾಕ್ರಿ ಸರ್?’ ಅನ್ನುತ್ತಾನೆ. ‘ಪ್ಲಾಟ್ ತಗೋಳಾಕತ್ತೇನಪಾ’ ಎಂದು ಕಳ್ಳನ ಪರವಾಗಿ ಮಾಸ್ತರರೇ ಸುಳ್ಳು ಹೇಳುತ್ತಾರೆ.

2024ರ ಮೊದಲ ನಾಲ್ಕು ತಿಂಗಳಲ್ಲೇ ದೇಶದ ಜನ ಈ ನಾಟಕಕ್ಕೆ ಕೊಟ್ಟ ಟಿಕೆಟ್ ಹಣ 120 ಕೋಟಿ ರೂಪಾಯಿ ದಾಟಿತ್ತು. ಡಿಜಿಟಲ್ ಅರೆಸ್ಟ್ ಎಂಬುದು ಕಾನೂನಿನಲ್ಲೇ ಇಲ್ಲ ಎಂದು ಅದೇ ವರ್ಷದ ಅಕ್ಟೋಬರ್‌ನಲ್ಲಿ ಪ್ರಧಾನಿಯೇ ರೇಡಿಯೊದಲ್ಲಿ ಹೇಳಬೇಕಾಯಿತು. 2025ರ ಮಾರ್ಚ್‌ನಲ್ಲಿ ಪಕ್ಕದ ಖಾನಾಪುರ ತಾಲೂಕಿನ ವೃದ್ಧ ದಂಪತಿಯೊಂದು ಇಂಥದೇ ಬೆದರಿಕೆಗೆ ಲಕ್ಷಾಂತರ ರೂಪಾಯಿ ಸುರಿದು, ಕೊನೆಗೆ ಪ್ರಾಣವನ್ನೂ ಕಳೆದುಕೊಂಡಿತು. ಅವರ ಬಗ್ಗೆ ನಗಲು ಯಾರಿಗೂ ಬಾಯಿ ಬರಬಾರದು. ‘ಓದಿದವರು ಹಿಂಗ ಮೋಸ ಹೋಗೂದಾ?’ ಎಂದು ಚಹದ ಅಂಗಡಿಯಲ್ಲಿ ನಕ್ಕವರಿದ್ದರೆ, ನಾಳೆ ತಮ್ಮ ಫೋನ್ ರಿಂಗಾದಾಗ ಯಾರಿಗೂ ಹೇಳಲಾರದಂತೆ ತಮ್ಮ ಬಾಯಿಯನ್ನು ತಾವೇ ಹೊಲಿದುಕೊಂಡಂತೆ. ಆ ನಗುವಿಗೆ ಹೆದರಿಯೇ ಜನ ಗುಟ್ಟು ಹಿಡಿಯುತ್ತಾರೆ, ಗುಟ್ಟು ಹಿಡಿದವರೇ ಕಳ್ಳನಿಗೆ ಬೇಕು.

ಇನ್ನು ಐದು ವರ್ಷಕ್ಕೊಮ್ಮೆ ಬರುವ ಜಾತ್ರೆ. ಮತ ಗುಪ್ತ, ಪೆಟ್ಟಿಗೆ ಹತ್ತಿರ ಯಾರೂ ಇಣುಕಿ ನೋಡುವಂತಿಲ್ಲ. ಹಾಗಿದ್ದರೆ ಕೊಟ್ಟ ನೋಟಿಗೆ ಖಾತ್ರಿ ಏನು? ಭಂಡಾರ. ನೋಟಿನ ಜೊತೆ ಭಂಡಾರ ಮುಟ್ಟಿಸಿ ಆಣೆ ಮಾಡಿಸಿದರೆ ಮತಯಂತ್ರದೊಳಗೇ ದೇವಿಯನ್ನು ಏಜೆಂಟ್ ಮಾಡಿ ಕೂಡಿಸಿದಂತೆ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 123ನೇ ಕಲಮು ಇದನ್ನು ಮೊದಲೇ ಊಹಿಸಿದೆ. ದೇವರ ಕೋಪಕ್ಕೆ ಗುರಿಯಾಗುತ್ತೀರೆಂದು ಮತದಾರರನ್ನು ನಂಬಿಸುವುದು ಭ್ರಷ್ಟಾಚಾರ ಎಂದು ಬರೆದಿಟ್ಟಿದೆ. ಆದರೆ ದೂರು ಕೊಡುವವನಾದರೂ ಯಾರು? ಇಬ್ಬರ ಕೈಯಿಂದಲೂ ಭಂಡಾರ ಮುಟ್ಟಿದ ಮತದಾರ ಯಾವ ಆಣೆ ಮುರಿಯಲಿ ಎಂಬ ಚಿಂತೆಯಲ್ಲಿರುತ್ತಾನೆ. ‘ಜುಲುಮಿ ಏನಿಲ್ಲಪಾ, ತಾಯಿ ನೋಡ್ಕೋತಾಳ’ ಎಂದು ಮುಖಂಡರು ಜೀಪು ಹತ್ತುತ್ತಾರೆ.

ಇಷ್ಟೆಲ್ಲದರ ನಡುವೆ ನಮ್ಮ ಶಾಸನಪುಸ್ತಕದಲ್ಲಿ ಒಂದು ವಾಕ್ಯ ಈ ಕಸಬಿನ ಮರ್ಮವನ್ನು ಸರಿಯಾಗಿ ಹಿಡಿದಿತ್ತು. 1982ರ ಕರ್ನಾಟಕ ದೇವದಾಸಿ ಸಮರ್ಪಣಾ ನಿಷೇಧ ಕಾಯ್ದೆಯ ಮೂರನೆಯ ಕಲಮು: ಹೆಣ್ಣುಮಗಳು ಒಪ್ಪಿರಲಿ, ಒಪ್ಪದೆ ಇರಲಿ, ಸಮರ್ಪಣೆ ಕಾನೂನುಬಾಹಿರ. ‘ಆಕೀನ ಒಪ್ಪಿದಳ್ರಿ ಸಾಹೇಬ್ರ’ ಎಂದು ಕೋರ್ಟಿನಲ್ಲಿ ಹೇಳುವ ದಾರಿಯನ್ನೇ ಆ ಸಾಲು ಮುಚ್ಚಿತು. ತಂದೆತಾಯಿ, ಬಂಧುಗಳೇ ಮಾಡಿಸಿದರೆ ಶಿಕ್ಷೆ ಹೆಚ್ಚು ಎಂದೂ ಆ ಕಾಯ್ದೆ ಹೇಳುತ್ತಿತ್ತು, ಏಕೆಂದರೆ ಒಪ್ಪಿಗೆ ಎಂಬುದು ಎಲ್ಲಿ ತಯಾರಾಗುತ್ತದೆಂದು ಅದನ್ನು ಬರೆದವರಿಗೆ ತಿಳಿದಿತ್ತು. ಆದರೂ 1993-94 ಮತ್ತು 2007-08ರ ಎರಡು ಸಮೀಕ್ಷೆಗಳಲ್ಲಿ ರಾಜ್ಯ ಸರ್ಕಾರವೇ ಎಣಿಸಿದ ದೇವದಾಸಿಯರು 46 ಸಾವಿರಕ್ಕೂ ಹೆಚ್ಚು. ಅವರಲ್ಲಿ ಪೊಲೀಸ್ ಠಾಣೆಗೆ ಹೋಗಿ ‘ನನಗ ಜುಲುಮಿ ಆತು’ ಎಂದು ಬರೆಸಿದವರು ಎಷ್ಟಿದ್ದಾರು? ಹಾಗೆ ಬರೆಸಿದರೆ ಜೈಲಿಗೆ ಹೋಗುವವಳು ಹೆತ್ತವ್ವ.

ಈ ಗಂಟು ಬಿಚ್ಚಿದವರು ಯಾರೆಂದು ನೋಡಿದರೆ ಅಲ್ಲಿ ಕಾಯ್ದೆ ಕಡಿಮೆ, ಹೆಣ್ಣುಮಕ್ಕಳು ಹೆಚ್ಚು. ಏಳನೆಯ ವಯಸ್ಸಿಗೆ ಮುತ್ತು ಕಟ್ಟಿಸಿಕೊಂಡ ಸೀತವ್ವ ಜೋಡಟ್ಟಿ ಮುಂದೆ ‘ಮಾಸ್’ ಎಂಬ ಮಹಿಳಾ ಸಂಸ್ಥೆಯ ಮುಂದಾಳಾಗಿ, ಬೆಳಗಾವಿ ಜಿಲ್ಲೆಯ ಊರೂರು ತಿರುಗಿ, 2018ರಲ್ಲಿ ಪದ್ಮಶ್ರೀ ಪಡೆದರು. ಆ ಸಂಸ್ಥೆಯನ್ನು ಕಟ್ಟಿದವರೂ ದೇವದಾಸಿಯರಾಗಿದ್ದ ಹೆಣ್ಣುಮಕ್ಕಳೇ. ‘ತಾಯಿ ಕಾಡ್ತಾಳ’ ಎಂದು ಹೆದರಿ ಕುಂತ ಅವ್ವನಿಗೆ ಡಾಕ್ಟರು, ಕಲೆಕ್ಟರು ಹೇಳಿದರೆ ಅವರಿಗೇನು ಗೊತ್ತು ಎನ್ನಬಹುದು. ಮುತ್ತು ಕಟ್ಟಿಸಿಕೊಂಡವಳೇ ಎದುರು ಕುಂತು, ‘ನಾ ಬಿಟ್ಟು ಬಂದೇನಿ, ನನಗೇನೂ ಆಗಿಲ್ಲ, ನೋಡಿಲ್ಲೆ’ ಎಂದರೆ ಶಾಪದ ಅಂಗಡಿ ನಡೆಯುವುದು ಕಷ್ಟ. ಬಿಡರ್‌ಮನ್ ಪಟ್ಟಿಯ ಮೊದಲ ಪಟ್ಟು ಒಬ್ಬಂಟಿ ಮಾಡುವುದು. ಅದೊಂದು ಮುರಿದರೆ ಉಳಿದ ಏಳಕ್ಕೆ ನಿಲ್ಲಲು ನೆಲ ಇರುವುದಿಲ್ಲ.

ಹಾಗಾಗಿ ತೊರಗಲ್ ನಾಡಿನ ಸಮಸ್ತರಲ್ಲಿ ಒಂದು ವಿನಂತಿ. ಮನೆಗೆ ಬಂದವರು ಬೆಲ್ಲದಂಥ ಮಾತಿನಲ್ಲಿ ‘ನಿನ್ನ ಮನಸ್ಸು, ನಿನ್ನ ಖುಷಿ’ ಎಂದಾಗ ವಾದ ಮಾಡಬೇಡಿ, ಒಂದೇ ಪ್ರಶ್ನೆ ಕೇಳಿ, ಅದನ್ನೂ ನಾಲ್ಕು ಮಂದಿ ಎದುರಿಗೆ ಕೇಳಿ: ‘ನಾ ಒಲ್ಲೆ ಅಂದ್ರ ಏನಾಕ್ಕೈತಿ?’ ‘ಏನೂ ಆಗೂದಿಲ್ಲ, ಚಹಾ ಕುಡದ ಹೊಂಟೆ’ ಎಂದವನು ಸಂಭಾವಿತ. ‘ತಾಯಿ ಕಾಡ್ತಾಳ’, ‘ಹತ್ತು ಮಂದಿ ಸಾಲ ನಿಲ್ಲತೈತಿ’, ‘ಇವತ್ತ ಅರೆಸ್ಟ್’, ‘ಆಣಿ ತಟ್ಟತೈತಿ’ ಎಂದವನು ಥ್ಯಾಕರೆಗಿಂತ ಕಡಿಮೆಯವನಲ್ಲ; ತೋಪನ್ನು ನಮ್ಮ ತಲೆಯೊಳಗೆ ಇಟ್ಟು, ಬತ್ತಿಯನ್ನು ನೆರೆಮನೆಯವರ ಕೈಗೆ ಕೊಟ್ಟಿದ್ದಾನೆ, ಅಷ್ಟೇ. ಆ ನೆರೆಮನೆಯವರು ಬಹಳ ಸಲ ನಾವೇ ಆಗಿರುತ್ತೇವೆ. ಪಕ್ಕದ ಮನೆಯ ಹುಡುಗಿಗೆ, ಎದುರು ಮನೆಯ ಶಾಂತವ್ವನಿಗೆ, ಬಾಗಿಲು ಹಾಕಿಕೊಂಡು ಫೋನ್ ಮುಂದೆ ಕುಂತ ಮಾಸ್ತರರಿಗೆ ಏನಾಗುತ್ತಿದೆ ಎಂದು ಗೊತ್ತಿದ್ದೂ ‘ಅವರ ಇಷ್ಟ, ನಮಗ್ಯಾಕ?’ ಎಂದು ಮಗ್ಗುಲಾಗುವಾಗ ನಮಗೆ ಯಾರೂ ಜುಲುಮಿ ಮಾಡಿರುವುದಿಲ್ಲ. ಅದೊಂದು ಮಾತ್ರ ಪೂರ್ತಿ ನಮ್ಮ ಸ್ವಖುಷಿಯದೇ.